ಅಳತೆ ಪುಸ್ತಕ

ಶಾರ್ಜಾ, ರೋಲಾದ ಹಿಂದಿನ ಗಲ್ಲಿ.
ಶಟರ್ ಪೂರ್ತಿ ಎತ್ತುವ ಮೊದಲೇ
ಬಗ್ಗಿ ಒಳಗೆ ಬಂದ ಮಾಮೂನ್,
ಮೊಣಕೈವರೆಗೆ ಬೇಕರಿಯ ಹಿಟ್ಟು.
'ಇಸುಬು, ಹೋದ' ಅಂದ.
ಯಾರು?
ಬಾಗಿಲ ಕಡೆ ತಿರುಗಿ ನೋಡಿ, ಮೆಲ್ಲಗೆ,
'ಅವನು.'
ಅಪ್ಪ ಮೂವತ್ತು, ಮಗ ಇಪ್ಪತ್ತನಾಲ್ಕು ವರ್ಷ ಆಳಿದ ಮನೆ
ರಾತ್ರೋರಾತ್ರಿ ವಿಮಾನ ಹತ್ತಿತಂತೆ.
ಹೆಸರು ಮಾತ್ರ ಇನ್ನೂ ಅವನ ಹಲ್ಲಿನ ಹಿಂದೆಯೇ
ಅವಿತು ಕೂತಿತ್ತು, ಅಭ್ಯಾಸಬಲ.

ನಮ್ಮ ಕಡೆ ಸರಕಾರ ಬೀಳುವುದೆಂದರೆ
ಶಾಸಕರು ರೆಸಾರ್ಟಿಗೆ ಹೋಗುವುದು.
ಉಳ್ಳಾಲದಲ್ಲಿ ಮೀನಿನ ರೇಟು ಕೂಡ ಕದಲುವುದಿಲ್ಲ.

ಬಾವುಟ ಬೇಕು, ಹಸಿರಿನದು, ಇವತ್ತೇ.
ಈ ದೇಶದ ಹಬ್ಬಕ್ಕೆ ತಂದು ಮಿಕ್ಕಿತ್ತು ಕಪಾಟಿನಲ್ಲಿ
ಕೆಂಪು, ಹಸಿರು, ಬಿಳಿ, ಕಪ್ಪು.
ಸಾಕು. ಅವನ ಹಳೆಯ ಬಾವುಟಕ್ಕೂ ಇವೇ ನಾಲ್ಕು.
ಮೇಲಿದ್ದ ಕೆಂಪು ಇಳಿದು ನಕ್ಷತ್ರ,
ನಕ್ಷತ್ರವಾಗಿದ್ದ ಹಸಿರು ಏರಿ ಪಟ್ಟಿ.
ಎರಡಿದ್ದದ್ದು ಮೂರು.
ಹೊಲಿಯುವವನಿಗೆ ಕ್ರಾಂತಿಯೆಂದರೆ
ಮೊನೆಮೊನೆಗೂ ಸೂಜಿ ಊರಿ, ಪಾದ ಎತ್ತಿ,
ಬಟ್ಟೆ ತಿರುಗಿಸುವುದು.

ಮಧ್ಯಾಹ್ನ ಸುಲಾಫಾ ಟೀಚರ್, ಲತಾಕಿಯದವರು,
ಅಂಚು ಮಡಿಸಲು ಕೊಟ್ಟ ನಿಲುವಂಗಿಗೆ ಬಂದರು.
ಮೇಜಿನ ಮೇಲಿನ ಹಸಿರು ಕಂಡರು.
ತಮ್ಮ ಆ ಸೈನ್ಯದಲ್ಲಿ ಸಿಪಾಯಿ ಎಂದು
ಹಿಂದೊಮ್ಮೆ ಹೇಳಿದ್ದ ನೆನಪು.
ಎರಡು ದಿರ್ಹಮಿಗೂ ಜಗ್ಗಾಡುವವರು
ಕೇಳಿದಷ್ಟು ಇಟ್ಟು ಹೊರಟರು.
ಚಿಲ್ಲರೆ, ಎಂದು ಕೂಗಿದೆ. ತಿರುಗಲಿಲ್ಲ.

ಸಂಜೆ ಮಾಮೂನ್ ಬಾವುಟ ಹೊದ್ದು
ಕನ್ನಡಿ ನೋಡಿಕೊಂಡ, ನಕ್ಕ, ಹೊರಟ,
ಮತ್ತೆ ಬಂದ.
ಒಂದು ಅಂಗಿ ಬೇಕು, ಅಣ್ಣನಿಗೆ.
ಹನ್ನೊಂದು ವರ್ಷದ ಹಿಂದೆ ಹಿಡಿದುಕೊಂಡು ಹೋದರು.
ಈಗ ಜೈಲಿನ ಬೀಗ ಒಡೆಯುತ್ತಿದ್ದಾರೆ.
ಫೋನಿನಲ್ಲಿ ಹೆಸರುಗಳ ಪಟ್ಟಿಯನ್ನು ಅವನ ಹೆಬ್ಬೆರಳು
ಮೇಲಕ್ಕೂ ಕೆಳಕ್ಕೂ ಉಜ್ಜುತ್ತಲೇ ಇತ್ತು.
ಅಳತೆ?
'ನನ್ನಷ್ಟೇ ಇದ್ದ.'
ಆಮೇಲೆ, 'ಎರಡಿಂಚು ಕಮ್ಮಿ ಮಾಡು.'
ಆಮೇಲೆ, 'ಬೇಡ, ಒಳಗೆ ಬಟ್ಟೆ ಬಿಟ್ಟು ಹೊಲಿ.
ಉಂಡರೆ ತುಂಬಿಕೊಳ್ತಾನೆ.'

ಟೇಪನ್ನು ಅವನ ಬೆನ್ನ ಸುತ್ತ ತಂದೆ.
ಉಸಿರು ಹಿಡಿದಿದ್ದ. ಬಿಡು ಎಂದೆ, ಬಿಡಲಿಲ್ಲ.
ಎದೆ ಮೂವತ್ತೆಂಟೂವರೆ, ತೋಳು ಇಪ್ಪತ್ತನಾಲ್ಕು.
ಬರೆದೆ: ಹೈಸಮ್, ಹಮಾ. ಬಿಳಿ ಕಾಟನ್.
ಕಾಲ ಬಳಿ ಮೂರು ನಕ್ಷತ್ರದ ತೂತು ಬಿದ್ದ ಕೆಂಪು ಚಿಂದಿ.
ಕೊಡುವ ದಿನ ಎಂಬ ಜಾಗಕ್ಕೆ ಬಂದು ಪೆನ್ನು ನಿಂತಿತು.

'ಗುರುವಾರ' ಎಂದೆ,
ಎಲ್ಲ ಗಿರಾಕಿಗಳಿಗೂ ಹೇಳುವ ಹಾಗೆ.
ಎಲ್ಲರೂ ಕೇಳುತ್ತಾರೆ, ಯಾವ ಗುರುವಾರ ಅಂತ.
ಅವನು ಕೇಳಲಿಲ್ಲ.