ತತ್ತಿ ಸಿಕ್ಕೊಂಡ ದಿನ

ದಿನಾ ಒಂಬತ್ತಕ್ಕ ಮಗ್ಗದ ಮಗ್ಗಲಿನ ಬುಟ್ಟಿ ಏರೂದು,
ನೂಲಿನ ಚಿಂದಿ ಕೆದರಿ ಮೆತ್ತಗ ಮಾಡಿಕೊಂಡು ಕೂಡೂದು,
ಹತ್ತರೊಳಗ ಒಂದು ತತ್ತಿ ಇಟ್ಟು
ಬೆಟಗೇರಿಗೆಲ್ಲಾ ಕೇಳೂ ಹಂಗ ಡಂಗುರ ಸಾರೂದು.
ಕೊರಳಾಗ ಬಂಗಾರದ ಎಳಿ ಇದ್ದದ್ದಕ್ಕ
ಜರಿ ಅಂತ ಹೆಸರಿಟ್ಟಾಕಿ ನಾನು.

ಇವತ್ತು ಏರಿದಳು, ಇಳಿದಳು. ಮತ್ತ ಏರಿದಳು.
ಐದು ಸಲ.
ಎಳಿ ಎಣಿಸಿ ಎಣಿಸಿ ಬೆಳೆದಾಕಿ ನಾನು, ಲೆಕ್ಕ ತಪ್ಪೂದಿಲ್ಲ.
ಆರನೇದಕ್ಕ ಏರಲಿಲ್ಲ.
ಗ್ವಾಡಿಗೆ ಹತ್ತಿ ನಿಂತಳು, ಸೊಂಟ ಹಿಡಿದ ಮುದುಕಿಯಂಗ,
ಪುಕ್ಕ ಉಬ್ಬಿಸಿ, ಬಾಲ ಜೋಲು ಬಿಟ್ಟು, ಕಣ್ಣು ಅರ್ಧಾ ಮುಚ್ಚಿ.
ಬಾಲದ ಬುಡ ಮಾತ್ರ ಒಳಗ, ಹೊರಗ, ಒಳಗ, ಹೊರಗ,
ಹೊಕ್ಕಿಲ್ಲದ ಮಗ್ಗ ಖಾಲಿ ಬಡದಂಗ.

ನುಚ್ಚು ಚೆಲ್ಲಿದೆ, ಹೊಳ್ಳಿ ನೋಡಲಿಲ್ಲ.
ದಾಸಾಳದಂಗಿದ್ದ ನೆತ್ತಿ ಜುಟ್ಟು
ಬಣ್ಣ ಬಿಟ್ಟ ಸೆರಗಾಗಿತ್ತು.

ನಮ್ಮವರು, ತುಕಾರಾಮಸಾ, ಬಾಗಲದಾಗ ನಿಂತು ಅಂದರು:
“ಸಾಯೂದರೊಳಗ ಕೊಯ್ದರ ಸಾರಿಗಾದರೂ ಆದೀತು.”
ದನದ ದವಾಖಾನಿಗೆ ಫೋನ್ ಹಚ್ಚಿದೆ. ಕಂಪೌಂಡರ ನಕ್ಕ.
“ಎಮ್ಮಿ ಇದ್ದರ ಹೇಳ್ರಿ ಬಾಯಾರ, ಕೋಳಿಗೆ ಎಲ್ಲಿ ಬರೂದು?”
ಇಡೂಕಿಂತ ಮೊದಲು ದನಿ ಇಳಿಸಿ ಹೇಳಿದ:
“ತತ್ತಿ ಸಿಕ್ಕೊಂಡಿರಬೇಕು. ಬೆಚ್ಚನ್ನ ನೀರಾಗ ಕೂಡಸ್ರಿ.
ಹೊಟ್ಟಿ ಹಿಚುಕಬ್ಯಾಡ್ರಿ ಮತ್ತ.
ಒಳಗ ಒಡೀತಂದರ ಮುಗೀತು.”

ಖೈರೂನಬಿ ಬಂದಳು, ಕೈ ತೊಳಕೊಂಡಳು,
ಕಿರಿಬೆರಳಿಗೆ ಕೊಬ್ಬರಿ ಎಣ್ಣಿ ಹಚ್ಚಿ
ಕತ್ತಲಾಗ ಸೂಜಿ ಹುಡುಕಿದಂಗ ಹುಡುಕಿದಳು.
“ಐತಿ. ಇಲ್ಲೇ ಐತಿ. ಆದರ ಸಿಪ್ಪಿ ಗಟ್ಟಿ ಇಲ್ಲವಾ,
ತೊಗಲ ಚೀಲದಂಗ ಹತ್ತತದ ಬೆರಳಿಗೆ.”

ಬುಧವಾರ ಬುಟ್ಟ್ಯಾಗ ಒಂದು ಸಿಪ್ಪಿಯಿಲ್ಲದ ತತ್ತಿ ಬಿದ್ದಿತ್ತು.
ಒರಸಿ ಒಗೆದು ಸುಮ್ಮನಾಗಿದ್ದೆ.
ಅವತ್ತss ಹೇಳಿದ್ದಳು ಆಕಿ.

ಬಣ್ಣದ ಪಾತೇಲಿ ಮೂರು ಸಲ ತಿಕ್ಕಿ ತೊಳೆದು
ನೀರು ಹೊಯ್ದು ಮೊಣಕೈ ಅದ್ದಿ ನೋಡಿದೆ.
ಕೂಸಿನ ನೀರಿನ ಹದ.
ಕಲತಿದ್ದೆ ಅದನ್ನ. ಬಳಸಿರಲಿಲ್ಲ.
ಮೊದಲು ರೆಕ್ಕಿ ಬಡಿದು ನನ್ನ ಮಾರಿ ತೋಯಿಸಿದಳು,
ಆಮ್ಯಾಲ ಎದಿಮಟ ನೀರಾಗ ಕುಂತು
ಕೊರಳು ನನ್ನ ಮುಂಗೈ ಮ್ಯಾಲ ಇಟ್ಟಳು.
ಓಣಿಯ ಮಗ್ಗೆಲ್ಲಾ ನಡದಿದ್ದವು. ನಮ್ಮದೊಂದು ನಿಂತಿತ್ತು.

ಗೂಡಿನ್ಯಾಗ ಗುಳಿಗಿ ಪಟ್ಟಿ ಇತ್ತು,
ಎಲುಬಿಗೆ ಛಲೋ ಅಂತ ಆಶಾ ಅಕ್ಕ ಕೊಟ್ಟು ಹೋಗಿದ್ದು,
ನನಗ ಐದು ತುಂಬಿದಾಗ.
ಆರು ತುಂಬಲಿಲ್ಲ.
ಹದಿನಾಲ್ಕು ಹಂಗss ಉಳಿದಿದ್ದವು. ತಾರೀಖು ಓದಿದೆ,
ಇನ್ನೂ ಎರಡು ತಿಂಗಳು ಬಾಕಿ.
ಒಂದನ್ನ ಮುರಿದೆ. ಕಾಲು ತುಂಡು ಅರೆದು
ಬೆಲ್ಲದ ನೀರಾಗ ಕಲಸಿ ಕೊಕ್ಕಿನಂಚಿಗೆ
ಹನಿ ಹನಿ ಹಾಕಿದೆ.

ಹಳೇ ಸೀರಿಲೆ ಒರಸಿ ಮಗ್ಗದ ಕುಣಿಯೊಳಗ ಇಳಿಸಿದೆ,
ಬೆಚ್ಚಗ, ಕತ್ತಲಾಗ, ನನ್ನ ಕಾಲಿನ ಜಾಗದಾಗ.
ಕಾಲು ಮಡಿಚಿ ಮ್ಯಾಲ ಕುಂತೆ, ಅರ್ಧ ದಿನದ ಕೂಲಿ ಹೋತು.
ನಮ್ಮವರು ಗೊಣಗಿದರು. ಗೊಣಗಿಕೋತss
ಎರಡು ಸಲ ಗೋಣಿತಾಟು ಎತ್ತಿ ಇಣುಕಿದರು.

ದೀಪ ಹಚ್ಚೂ ಹೊತ್ತಿಗೆ ಮತ್ತೊಮ್ಮೆ ನೀರು.
ರಾತ್ರಿ ಹನ್ನೊಂದಕ್ಕ
ಕುಣಿಯಾಗ ಏನೋ ಒದ್ದಿ ಅರಿವಿ ಬಿದ್ದಂಗ ಸಪ್ಪಳ.
ಟಾರ್ಚ್ ಬಿಟ್ಟೆ.
ಸುಕ್ಕುಗಟ್ಟಿದ, ಬೆರಳಿಟ್ಟಲ್ಲಿ ತಗ್ಗು ಬೀಳೂ ತತ್ತಿ.
ಡಂಗುರ ಇರಲಿಲ್ಲ. ಜರಿ ನೀರು ಕುಡಿಯಾಕ ಎದ್ದಳು, ಅಷ್ಟ.

ಈಗ ನಮ್ಮವರು ಹೊಟೇಲಿನಿಂದ ತತ್ತಿ ಸಿಪ್ಪಿ ತರತಾರ,
ಹಂಚಿನ ಮ್ಯಾಲ ಹುರಿದು ಕಲ್ಲಾಗ ಕುಟ್ಟತಾರ,
ಸಾರಿನ ಮಾತು ಎತ್ತಿಲ್ಲ.
ನಾನು ದಿನಾ ಕಾಲು ತುಂಡು ಮುರೀತೇನಿ.
ಪಟ್ಟಿಯೊಳಗ ಎಷ್ಟು ಉಳಿದಾವು ಅಂತ
ಎಣಿಸಾಕ ಹೋಗಿಲ್ಲ.