ಏಳನೆಯ ಇಂಗಾಲ

ಬೆಟಗೇರಿ ಬಸ್ ಸ್ಟ್ಯಾಂಡಿನ ಎದುರಿಗೆ ಔಷಧಿ ಅಂಗಡಿ ನಂದು.
ಇಪ್ಪತ್ತೊಂದು ವರ್ಷ ಆತು.
ಕತ್ತರಿ ಅದಽ ಐತಿ, ಎರಡು ಸಲ ಸಾಣಿ ಹಿಡಿಸೀನಿ.

ಗೋದಾಬಾಯಿ ಖಟವಟೆ ಬಂದಳಂದ್ರ
ಮಾರಿ ಕಾಣೂಕಿಂತ ಮೊದಲು ಸಪ್ಪಳ ಕೇಳತಿತ್ತು.
ಟಿಕ್, ಟಿಕ್, ಎದಿಯೊಳಗಿನ ಲೋಹದ ಕವಾಟ.
"ಮನ್ಯಾಗೊಂದು ಮಗ್ಗ, ಮೈಯಾಗೊಂದು ಮಗ್ಗ" ಅಂತಿದ್ದಳು,
"ಮನೀದು ಸಂಜಿಗೆ ನಿಲ್ಲತೈತಿ."

ಆ ಕವಾಟಕ್ಕ ರಕ್ತ ಹೆಪ್ಪುಗಟ್ಟಬಾರದಂತ
ದಿನಾ ರಾತ್ರಿ ಒಂದು ವಾರ್ಫರಿನ್.
ಇಲಿ ಪಾಷಾಣದ ಬಳಗದ್ದು ಅಂತ ನಾನಽ ಒಮ್ಮೆ ಹೇಳಿದ್ದೆ.
ನಕ್ಕಳು: "ನೂಲು ಕಡಿಯೂ ಇಲಿ ಸಾಯಬೇಕು, ನಾ ಬದುಕಬೇಕು.
ಎರಡೂ ನಿನ್ನ ಅಂಗಡ್ಯಾಗಽ ಸಿಗತೈತಿ ಅನ್ನು."

ಈ ಗುಳಿಗಿಯ ಚಿತ್ರ ತಗದಾಂವ ನಾನು.
ಧಾರವಾಡದಾಗ, ಕರೆಂಟು ಹೋದ ಪರೀಕ್ಷಾ ಕೋಣ್ಯಾಗ
ಪೆನ್ಸಿಲಿನಿಂದ ಎರಡು ಷಟ್ಕೋನ ಜೋಡಿಸಿ
ಏಳನೆಯ ಇಂಗಾಲಕ್ಕ ಬಾಣ ಇಟ್ಟಿದ್ದೆ:
ಯಕೃತ್ತಿನ ಕಿಣ್ವ ಹೈಡ್ರಾಕ್ಸಿಲ್ ಕೂಡಿಸೂದು ಇಲ್ಲೆ.

ಕಿಣ್ವದ ನಡುಮನ್ಯಾಗ ಕಬ್ಬಿಣದ್ದೊಂದು ಕಣ.
ಉಸಿರಿನಾಗ ಬಂದ ಆಕ್ಸಿಜನ್ ಜೋಡಿಯನ್ನ
ಹಿಡದು ಸೀಳತೈತಿ.
ಒಂದು ನೀರಾಗಿ ಹೋಗತೈತಿ, ಯಾರೂ ಕೇಳಂಗಿಲ್ಲ.
ಇನ್ನೊಂದು
ಇಂಗಾಲಕ್ಕೂ ಜಲಜನಕಕ್ಕೂ ನಡುವ ತೂರತೈತಿ,
ಹಾಸಿನ ಎಳಿಯೊಳಗ ಲಾಳಿ ತೂರಿದಂಗ.
ಅಷ್ಟಽ. ಒಂದು ಹೊಕ್ಕು.
ಅಲ್ಲೀತನಕಾ ಕೊಬ್ಬಿನ ಸಂಗಾಟ ಅಡಗಿದ್ದ ಔಷಧಿಗೆ
ಒಂದು ಹಿಡಿಕಿ ಬರತೈತಿ,
ನೀರು ಆ ಹಿಡಿಕಿ ಹಿಡದು
ಹೊರಗ ಕರಕೊಂಡು ಹೋಗತೈತಿ.

ಇದಕ್ಕ ಏಳು ಮಾರ್ಕು ಇತ್ತು.
ನಂಗ ಆರೂವರಿ ಬಂತು.

ಏಪ್ರಿಲ್ ತಿಂಗಳ ಬಿಸಲು.
ಮಗ್ಗದ ಕುಣಿಯಾಗ ಕಾಲು ಬಿಟ್ಟು ಕೂತು ಕೂತು
ಬೆವತು, ತೊಡಿಗೆ ಗಜಕರ್ಣ ಹತ್ತಿತ್ತು ಅಕಿಗೆ.
"ರಾತ್ರೆಲ್ಲಾ ತುರಿಕಿ, ಏನರ ಕೊಡೋ."
ಐದು ಮಂದಿ ಚೀಟಿ ಹಿಡದು ನಿಂತಿದ್ದರು,
ಲಕ್ಷ್ಮೇಶ್ವರದ ಬಸ್ಸು ಹಾರ್ನ್ ಹೊಡಿಯಾಕತ್ತಿತ್ತು.
ಫ್ಲುಕೋನಜೋಲ್ ಪಟ್ಟಿ ತಗದು ಆರು ಗುಳಿಗಿ ಕತ್ತರಿಸಿದೆ.
ಟಿಕ್, ಟಿಕ್ ಕೇಳಿತ್ತು ನಂಗ.
ಕಿವಿಗೆ ಕೇಳಿತ್ತು.

ಕಬ್ಬಿಣದ ಬಾಗಲದಾಗ ಬ್ಯಾರೆಯವ ಬಂದು ಕೂತ.
ಒಂದು ರಾತ್ರಿಯ ಗುಳಿಗಿ ಹೋಗೂದ್ರೊಳಗ
ಮರುರಾತ್ರಿಯದು ಬಂತು, ಅದರ ಹಿಂದ ಮತ್ತೊಂದು,
ಹಿಡಿಕಿ ಇಲ್ಲದವು, ರಕ್ತದಾಗಽ ಪಾಳಿ ಹಚ್ಚಿದುವು.
ಐದನೇ ದಿನ ಹಲ್ಲು ತಿಕ್ಕಿದರ ಬಾಯಿ ಕೆಂಪು.
ಏಳನೇ ದಿನ ತೋಳೆಲ್ಲಾ ನೀಲಿ,
ಯಾರೂ ಹೊಡದಿದ್ದಿಲ್ಲ.

ಮಗಳು ಅಂಬುಜಾ ಹುಬ್ಬಳ್ಳಿ ಕಿಮ್ಸಿಗೆ ಒಯ್ದಳು.
ಅಣ್ಣಿಗೇರಿ ದಾಟೂದ್ರಾಗ ಸೆರಗು ತೊಯ್ದಿತ್ತಂತ.
"ಬ್ಯಾರೆ ಏನು ನುಂಗೀರಿ?" ಡಾಕ್ಟರ್ ಕೇಳ್ಯಾರ.
ಖಾಲಿ ಪಟ್ಟಿ ತೋರಿಸ್ಯಾಳ.
ಹೆಸರಿನ ತಲಿ ನನ್ನ ಡಬ್ಬ್ಯಾಗ ಉಳದಿತ್ತು,
ಅಕಿ ಕೈಯಾಗ ಬರೇ "ಜೋಲ್" ಅನ್ನೂ ಬಾಲ.

ಹನ್ನೊಂದು ದಿನಕ್ಕ ತಿರುಗಿ ಬಂದಳು.
ನಾನು ಎದ್ದು ನಿಂತೆ. ಮಾತು ಬರಲಿಲ್ಲ.
ಅಕಿನಽ ಅಂದಳು:
"ಫಣಿಯಾಗ ಒಂದು ಎಳಿ ತಪ್ಪಿದ್ದು
ಗೇಣು ನೇಯ್ದ ಮ್ಯಾಲೆ ಕಾಣತೈತಿ.
ಬಿಚ್ಚಬೇಕು. ಬಿಚ್ಚಿದ್ದಕ್ಕ ಕೂಲಿ ಯಾರೂ ಕೊಡಂಗಿಲ್ಲ."

ಆಮ್ಯಾಲೆ, ಏನೂ ಆಗಿಲ್ಲದವರ ಗತೆ:
"ಹಕ್ಕರಕಿ ತಪ್ಪಲಾ ದಿನಾ ಒಂದಽ ಅಳತಿ ತಿನ್ನು ಅಂದಾರ.
ಹಸಿ ಎಲಿಗೆ ಯಾವ ತಕ್ಕಡಿ ಹಿಡೀಲಿ?
ರೊಟ್ಟಿ ಎಷ್ಟು ಕೇಳತೈತಿ ಅಷ್ಟು ಹೋಗತೈತಿ."

ವಾರ್ಫರಿನ್ ಪಟ್ಟಿ ಇಡೀದಽ ಮುಂದ ಇಟ್ಟೆ.
"ಎಂಟು ದಿನಕ್ಕಷ್ಟಽ ರೊಕ್ಕ ಐತಿ" ಅಂದಳು.
ಉಳದದ್ದು ನನ್ನ ಲೆಕ್ಕಕ್ಕ ಅಂದೆ.
"ನಿನ್ನ ಲೆಕ್ಕ ನಂಗ ಬ್ಯಾಡ, ಕತ್ತರಸು."

ಕತ್ತರಿಸಿದೆ.
ಹಿಂದಿನ ಬೆಳ್ಳಿ ಕಾಗದದ ಮ್ಯಾಲೆ
ಬಾಲ್ ಪೆನ್ನಿನಿಂದ ಪೂರಾ ಹೆಸರು ಬರಿಯಾಕ ಹೋದೆ,
ಕೈ ನಡಗಿ ಕಾಗದ ಹರದು
ಗುಳಿಗಿಯೊಂದು ಗಾಜಿನ ಮ್ಯಾಲೆ ಉಳ್ಳಾಡಿತು.

ಅಂಚಿನಾಗ ಹಿಡದಳು,
ಸೆರಗಿಗೆ ಒರಸಿದಳು.
"ಇರಲಿ, ಇದು ಇವತ್ತಿಂದು."