ಸೊನ್ನೆಯನ್ನು ಹೇಳುವ ರೀತಿ

ತೊಂಬತ್ತಾರರಲ್ಲಿ ನನ್ನ ದನಿಯನ್ನು ಕೊಂಡರು,
ಒಂದು ಮಧ್ಯಾಹ್ನದ ಕೂಲಿಗೆ, ಊಟವೂ ಸೇರಿ.
ಆಗ ಬ್ಯಾಂಕಿನ ಹೆಸರು ಮೀನುಗಾರರ ಪೆಟ್ಟಿಗೆ.
ಫಿಗೇರಾ ಬಂದರಿಗೆ ಬೆನ್ನು ಹಾಕಿ ನಿಂತ ಕಟ್ಟಡ,
ಕೌಂಟರಿನ ಮರಕ್ಕೂ ಉಪ್ಪು ಹಿಡಿದಿತ್ತು.
ನಾನು ಅಲ್ಲಿ ಮೂರನೆಯ ಕಿಟಕಿ.

‘ಗ್ರಾಸಿಯೆಟ್, ನಿನ್ನ ಮಾತಿನಲ್ಲಿ ಮುಳ್ಳಿಲ್ಲ’ ಎಂದ ಮ್ಯಾನೇಜರು
ಗೋಡೆಗೆಲ್ಲ ಕಂಬಳಿ ಬಡಿದ ಕೋಣೆಗೆ ಕಳಿಸಿದ.
ಖಾತೆಯ ಶಿಲ್ಕು ತಿಳಿಯಲು ಒಂದನ್ನು ಒತ್ತಿ.
ಚೆಕ್ಕು ಪುಸ್ತಕಕ್ಕೆ ಎರಡು.
ಕಾರ್ಡು ಕಳೆದಿದ್ದರೆ ಮೂರು.
ಆಮೇಲೆ ಬಿಡಿ ಬಿಡಿ ಅಂಕಿ: ಸಾವಿರ, ನೂರು, ಹದಿನೇಳು,
‘ಮತ್ತು’ ಎಂಬುದೂ ಒಂಟಿಯಾಗಿ.
ಯಾರ ಮೊತ್ತವನ್ನೂ ನಾನು ಇಡಿಯಾಗಿ ಹೇಳಿದವಳಲ್ಲ,
ಹೊಲಿಗೆಯೆಲ್ಲ ಯಂತ್ರದ್ದು.

ಸೊನ್ನೆಯನ್ನು ಮಾತ್ರ ಹನ್ನೊಂದು ಸಲ ಹೇಳಿಸಿದರು.
ಗಾಜಿನ ಆಚೆಯ ಹುಡುಗ ಪ್ರತಿ ಸಲವೂ ಕೈಯಾಡಿಸಿದ:
‘ಮರುಕ ಬೇಡ. ಹಾಗಂತ ಬಿಗಿಯೂ ಬೇಡ.
ಅಂಗಡಿಯವಳು ಮೊಟ್ಟೆ ಮುಗಿದಿದೆ ಅಂತಾಳಲ್ಲ,
ಹಾಗೆ.’

ಮೂರು ವರ್ಷಕ್ಕೆ ಮೊಂಡೇಗೊ ಬ್ಯಾಂಕು ನಮ್ಮನ್ನು ನುಂಗಿತು.
ಪತ್ರಿಕೆಯವರು ಮದುವೆ ಎಂದು ಬರೆದರು.
ಇದ್ದರೂ ಇರಬಹುದು,
ಹೆಸರು ಬದಲಿಸಿಕೊಂಡವರೆಲ್ಲ ನಮ್ಮ ಕಡೆಯವರೇ.
ನೀಲಿ ಬೋರ್ಡು ಹಸಿರಾಯಿತು, ಪೆನ್ನುಗಳೂ.
ಹೊಸ ಹೆಸರು ಹೇಳಲು ಕರೆಸಿದರು, ಹೇಳಿ ಬಂದೆ.
ಯೂರೋ ಬಂದಾಗ ಮತ್ತೊಮ್ಮೆ.
ನಾನು ಹೇಳಿಟ್ಟ ಎಸ್ಕುಡೊ ಯಾವುದೋ ಡಬ್ಬದಲ್ಲಿ
ಈಗಲೂ ಬಾಯಿ ತೆರೆದುಕೊಂಡೇ ಇದೆಯೇನೋ.

ಉತ್ತರದ ಬ್ಯಾಂಕೊಂದು ಮೊಂಡೇಗೊವನ್ನು ನುಂಗಿದ ವರ್ಷ
ಮೂರನೆಯ ಕಿಟಕಿ ಮುಚ್ಚಿದರು.
ನನ್ನನ್ನು ಮನೆಗೆ ಕಳಿಸಿದ ಪತ್ರದ ಕೊನೆಗೆ
ಸಂದೇಹಗಳಿದ್ದರೆ ಈ ಸಂಖ್ಯೆಗೆ ಕರೆ ಮಾಡಿ, ಎಂದಿತ್ತು.
ಮಾಡಿದೆ.
ನಾನೇ ಎತ್ತಿದೆ.

ಗ್ರೀನ್‌ಲ್ಯಾಂಡಿನ ನೀರಿನಲ್ಲಿ ಎರಡು ಬೆರಳು ಬಿಟ್ಟು ಬಂದ
ಆದೆಲೀನೊ ನಮ್ಮ ಓಣಿಯವನು.
ರೊಟ್ಟಿ ಅಂಗಡಿಯಲ್ಲಿ ಸಿಕ್ಕಾಗಲೆಲ್ಲ ತಕರಾರು:
‘ರಾತ್ರಿ ನೀನು ನಾನೂರ ಹನ್ನೆರಡು ಅಂದೆಯಲ್ಲ,
ಪಿಂಚಣಿ ಇನ್ನೂ ಬಂದಿಲ್ಲವೇ?’
ಅದು ನಾನಲ್ಲ ಮಾರಾಯ, ಯಂತ್ರ.
‘ನೀನೇ. ಹನ್ನೆರಡಕ್ಕೆ ಹಾಗೆ ನಗುವವರು
ಈ ಊರಲ್ಲಿ ಇನ್ಯಾರು?’

ಈಗ ಲಿಸ್ಬನ್ನಿನಿಂದ ಮತ್ತೊಂದು ಹೆಸರು ಬಂದಿದೆ: ವೇಲಾ.
ಹಾಯಿ ಅಂತೆ. ಬಿಳಿ ತ್ರಿಕೋಣ, ಕೆಳಗೊಂದು ಗೆರೆ ಸಮುದ್ರ.
ಆ್ಯಪು ವೇಲಾ, ವಿಮೆ ವೇಲಾ, ಕಾರಿನ ಸಾಲವೂ ವೇಲಾ.
ನಮ್ಮ ಓಣಿಯಲ್ಲಿ ವೇಲಾ ಅಂದರೆ ಮೊದಲು ಮೇಣದಬತ್ತಿ;
ಬೋರ್ಡು ಏರಿಸುವಾಗ ವಿಧವೆ ಕುಸ್ತೋದಿಯಾ
ದಾರಿಯಲ್ಲೇ ನಿಂತು ಎದೆಗೆ ಶಿಲುಬೆ ಬರೆದುಕೊಂಡಳು.

ನನ್ನನ್ನು ಹುಡುಕಿ ಕರೆಸಿದರು, ಅರವತ್ತೆಂಟರಲ್ಲಿ.
ಕೋಣೆಗೆ ಕಂಬಳಿ ಇರಲಿಲ್ಲ, ಬೂದು ಸ್ಪಂಜು.
ಬೇಕಾದದ್ದು ಒಂದೇ ಪದ, ಉಳಿದದ್ದೆಲ್ಲ ಹಳೆಯದೇ ಸಾಕು.
ವೇಲಾ, ಅಂದೆ.
ಸೊನ್ನೆಯನ್ನೂ ಇನ್ನೊಮ್ಮೆ ಹೇಳಲೇ, ಎಂದು ಕೇಳಿದೆ,
ಈಗ ನನಗೆ ಅದು ಸರಿಯಾಗಿ ಬರುತ್ತದೆ.
ಹುಡುಗಿ ಪಟ್ಟಿ ನೋಡಿ ತಲೆಯಾಡಿಸಿದಳು.

ರಾತ್ರಿ ಕರೆ ಮಾಡಿ ಕೇಳಿಸಿಕೊಂಡೆ.
ಮುದುಕಿಯೊಬ್ಬಳು ಬಾಗಿಲು ತೆರೆದು ಹೆಸರು ಹೇಳುತ್ತಾಳೆ,
ಒಳಗಿನಿಂದ ಮೂವತ್ತೊಂಬತ್ತರವಳು ಮಾತು ಮುಂದುವರಿಸುತ್ತಾಳೆ.
ಒಂದನ್ನು ಒತ್ತಿ. ಎರಡನ್ನು ಒತ್ತಿ.
ಒತ್ತಲಿಲ್ಲ, ಕೇಳುತ್ತ ಕೂತೆ.
ಆಯ್ಕೆ ಮಾಡದವರಿಗೆ ಅವಳು ಮತ್ತೆ ಮೊದಲಿನಿಂದ ಹೇಳುತ್ತಾಳೆ,
ಬೇಸರವಿಲ್ಲದೆ.

ಬೆಳಗ್ಗೆ ಆದೆಲೀನೊ ರೊಟ್ಟಿ ಕಂಕುಳಲ್ಲಿಟ್ಟುಕೊಂಡು ಬಂದ:
‘ಶೀತವೇನು ನಿನಗೆ?
ಬ್ಯಾಂಕಿನ ಹೆಸರು ಹೇಳುವಾಗ ಗಂಟಲು ಕಟ್ಟಿತ್ತು,
ಆಮೇಲೆ ಸರಿಹೋಯಿತು ಬಿಡು.’